ಮಾಡಿದ್ದು ಮತ್ತು ಆದದ್ದು

ಎಡವು ಎಂದು ಯಾರಿಗೂ ಅಪ್ಪಣೆ ಕೊಡಲು ಬರುವುದಿಲ್ಲ. ಎಡವಬೇಡ ಎನ್ನಬಹುದು, ಕಲ್ಲುದಾರಿಯಲ್ಲಿ ಮೊಮ್ಮಗುವಿನ ಕೈ ಹಿಡಿದು ನಡೆಯುವ ಅಜ್ಜಿ ಹೇಳುವುದು ಅದನ್ನೇ. ಜಾರಬೇಡ, ಬೀಳಬೇಡ, ಮರೆಯಬೇಡ, ಹೆದರಬೇಡ, ಇವೆಲ್ಲ ದಿನಬೆಳಗಾದರೆ ಕಿವಿಗೆ ಬೀಳುವ ಮಾತುಗಳು. ಆದರೆ ಎಡವು, ಜಾರು, ಬೆಚ್ಚು ಎಂಬ ವಿಧಿರೂಪಗಳನ್ನು ನಾಟಕದ ತಾಲೀಮಿನಲ್ಲಿ ಬಿಟ್ಟರೆ ಬೇರೆಲ್ಲಿಯೂ ನಾನು ಕೇಳಿಲ್ಲ. ತಾಲೀಮಿನಲ್ಲಿಯೂ ನಟ ಎಡವುವುದಿಲ್ಲ, ಎಡವಿದಂತೆ ಮಾಡುತ್ತಾನೆ.

ವಿಧಿಸಲು ಬಾರದ್ದನ್ನು ನಿಷೇಧಿಸಲು ಹೇಗೆ ಬರುತ್ತದೆ? ಎಡವುವುದು ನಮ್ಮ ಕೈಯಲ್ಲಿಲ್ಲವಾದರೆ ಎಡವದೆ ಇರುವುದೂ ನಮ್ಮ ಕೈಯಲ್ಲಿ ಇರಬಾರದಲ್ಲವೇ? ಅಜ್ಜಿಯ ಮಾತು ಎಡವುವ ಕ್ಷಣವನ್ನು ಕುರಿತದ್ದಾಗಿರಲಾರದು. ಅದಕ್ಕೆ ಮುಂಚಿನ ನಾಲ್ಕಾರು ಹೆಜ್ಜೆಗಳನ್ನು ಕುರಿತು ಆಕೆ ಮಾತನಾಡುತ್ತಿದ್ದಾಳೆ. ನೆಲ ನೋಡಿ ನಡೆ ಎಂಬುದೇ ಅದರ ಅರ್ಥ. ನಮ್ಮ ಇಚ್ಛೆಯಿಲ್ಲದೆ ನಡೆಯುವ ಬಹಳಷ್ಟು ಕ್ರಿಯೆಗಳ ಹಿಂದೆ ಎಚ್ಚರಕ್ಕೆ ಅವಕಾಶವಿದ್ದ ಒಂದಿಷ್ಟು ಹಾದಿ ಇರುತ್ತದೆ. ಕೆಲವುಗಳ ಹಿಂದೆ ಅದೂ ಇರುವುದಿಲ್ಲ. ಆ ಹಾದಿ ಇತ್ತೇ, ಇದ್ದರೆ ಅದರಲ್ಲಿ ನಡೆದವರು ಯಾರು ಎಂದು ಕನ್ನಡದ ಕ್ರಿಯಾಪದಗಳನ್ನು ಹಿಡಿದು ಹುಡುಕುವುದು ಈ ಸಂಜೆಯ ಉಪನ್ಯಾಸದಲ್ಲಿ ನನ್ನ ಕೆಲಸ.

ನಿದ್ದೆಯಿಂದ ಆರಂಭಿಸುತ್ತೇನೆ. ‘ಮಲಗಿದೆ, ಆದರೆ ನಿದ್ದೆ ಬರಲಿಲ್ಲ.’ ಈ ಪುಟ್ಟ ವಾಕ್ಯದಲ್ಲಿ ಮಲಗುವುದು ನನ್ನ ಕೆಲಸ, ಬರುವುದು ನಿದ್ದೆಯ ಕೆಲಸ. ಮಲಗಿದವನು ‘ನಾನು’; ನಿದ್ದೆ ಬಾರದೆ ಒದ್ದಾಡಿದವನು ‘ನನಗೆ’. ಹಸಿವು, ಚಳಿ, ನಾಚಿಕೆ, ಹೆದರಿಕೆ, ನೆನಪು, ಬೇಸರ, ಇಷ್ಟ, ಇವೆಲ್ಲ ‘ನನಗೆ’ ಆಗುತ್ತವೆ ಅಥವಾ ಬರುತ್ತವೆ. ‘ನನಗೆ’ ಎಂಬುದರಲ್ಲಿನ ಈ ‘ಗೆ’, ಅಂದರೆ ಚತುರ್ಥಿ ವಿಭಕ್ತಿ, ಕೊಡುವುದಕ್ಕೆ, ಪಡೆಯುವುದಕ್ಕೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಅದಕ್ಕಿಂತ ದೊಡ್ಡ ಹೊಣೆಯೊಂದು ಅದಕ್ಕಿದೆ. ಮನುಷ್ಯನನ್ನು ಕರ್ತೃವಿನ ಪೀಠದಿಂದ ಇಳಿಸಿ, ಯಾವುದೋ ಒಂದು ಬಂದು ತಂಗುವ ಜಾಗವಾಗಿ ತೋರಿಸುವ ಹೊಣೆ ಅದು. ತಮಿಳು, ತೆಲುಗು, ಮಲಯಾಳಗಳಲ್ಲಿಯೂ ಮರಾಠಿ, ಹಿಂದಿಗಳಲ್ಲಿಯೂ ಇದೇ ಏರ್ಪಾಡು ಇದೆ. ಬೇರೆ ಬೇರೆ ಕುಟುಂಬಗಳ ಭಾಷೆಗಳು ಒಂದೇ ನೆಲದಲ್ಲಿ ಶತಮಾನಗಳ ಕಾಲ ಅಕ್ಕಪಕ್ಕ ಬಾಳಿ ಹಂಚಿಕೊಂಡ ತಿಳಿವಳಿಕೆ ಇದು.

ಇದರ ಜೊತೆಗೇ ಜೋಡಿಪದಗಳು ಬರುತ್ತವೆ. ನೋಡುವುದು ನಾನು, ಕಾಣುವುದು ನನಗೆ. ಯೋಚಿಸುವುದು ನಾನು, ಹೊಳೆಯುವುದು ನನಗೆ. ನೆನಪಿಸಿಕೊಳ್ಳುವುದು ನಾನು, ನೆನಪಾಗುವುದು ನನಗೆ. ಕುಂದಾಪುರದ ಕಡೆ ‘ಕಾಣಿ’ ಎಂದರೆ ‘ನೋಡಿ’ ಎಂದೇ ಅರ್ಥವಾದ್ದರಿಂದ ಈ ಗೆರೆ ಎಲ್ಲ ಊರಿನಲ್ಲಿಯೂ ಒಂದೇ ಜಾಗದಲ್ಲಿ ಇಲ್ಲ ಎಂಬುದೂ ನಿಜ. ಆದರೆ ಗೆರೆಯಂತೂ ಎಲ್ಲ ಕಡೆಯೂ ಇದೆ. ನಗು ಬಂತು ಎನ್ನುವುದಕ್ಕೂ ನಕ್ಕೆ ಎನ್ನುವುದಕ್ಕೂ ಎಷ್ಟು ಅಂತರವಿದೆ ಎಂದು ಕೇಳಿಕೊಳ್ಳಿ. ಸಾವಿನ ಮನೆಯಲ್ಲಿ ನಗು ಬರಬಹುದು, ನಗಬಾರದು. ಬಂದದ್ದಕ್ಕೆ ಯಾರೂ ಯಾರನ್ನೂ ದೂರುವುದಿಲ್ಲ. ಬಂದದ್ದನ್ನು ಹೊರಗೆ ಬಿಟ್ಟರೆ ದೂರುತ್ತಾರೆ. ನೀತಿಯ ಒಂದು ಪಾಠವನ್ನು ವ್ಯಾಕರಣ ಸದ್ದಿಲ್ಲದೆ ಮಗುವಿಗೆ ಮಾತಿನ ಜೊತೆಯಲ್ಲೇ ಕಲಿಸಿಬಿಟ್ಟಿರುತ್ತದೆ.

ದೇಹದ ಪದಗಳನ್ನು ಗಮನಿಸಿ. ಆಕಳಿಕೆ, ಬಿಕ್ಕಳಿಕೆ, ತೂಕಡಿಕೆ, ವಾಕರಿಕೆ, ಕನವರಿಕೆ, ತುರಿಕೆ, ನಡುಕ, ಸೀನು, ತೇಗು, ಗೊರಕೆ. ಇವುಗಳಲ್ಲಿ ಬಹುತೇಕ ‘ಬಂತು’ ಎಂಬ ಕ್ರಿಯಾಪದವನ್ನು ಬಯಸುತ್ತವೆ. ಬಿಕ್ಕಳಿಕೆಯಲ್ಲಿ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಇದ್ದಕ್ಕಿದ್ದಂತೆ ಕುಗ್ಗಿ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಆ ಕೂಡಲೇ ಧ್ವನಿತಂತುಗಳ ನಡುವಿನ ದಾರಿ ಮುಚ್ಚಿಕೊಳ್ಳುತ್ತದೆ. ಆಗ ಬರುವ ಸದ್ದೇ ಅದರ ಹೆಸರಾಗಿದೆ. ಅಮೆರಿಕದ ಚಾರ್ಲ್ಸ್ ಆಸ್ಬಾರ್ನ್ ಎಂಬ ರೈತನಿಗೆ 1922ರಲ್ಲಿ ಹಿಡಿದ ಬಿಕ್ಕಳಿಕೆ ನಿಂತದ್ದು 1990ರಲ್ಲಿ. 68 ವರ್ಷ ಆತ ಬಿಕ್ಕಳಿಸಿದ ಎಂದು ಬರೆಯುವುದಕ್ಕಿಂತ ಬಿಕ್ಕಳಿಕೆ ಆತನನ್ನು ಬಿಡಲಿಲ್ಲ ಎಂದು ಬರೆಯುವುದು ಸತ್ಯಕ್ಕೆ ಹತ್ತಿರ. ನಮ್ಮಲ್ಲಿ ಊಟದ ನಡುವೆ ಬಿಕ್ಕಳಿಕೆ ಬಂದರೆ ‘ಯಾರೋ ನೆನೆಸಿಕೊಳ್ಳುತ್ತಿದ್ದಾರೆ’ ಎನ್ನುತ್ತಾರೆ. ಬಿಕ್ಕಳಿಸುವವನು ಕರ್ತೃವಲ್ಲ ಎಂದು ಎಲ್ಲರೂ ಒಪ್ಪಿದ ಮೇಲೂ ಎಲ್ಲೋ ದೂರದಲ್ಲಿ ಒಬ್ಬ ಕರ್ತೃ ಇರಬೇಕು ಎಂದು ಮನಸ್ಸು ಹುಡುಕುತ್ತದೆ. ಆ ಹುಡುಕಾಟದಲ್ಲಿ ಪ್ರೀತಿ ಇದೆ ಎಂಬುದು ನನಗೆ ಬಹಳ ಹಿಡಿಸುತ್ತದೆ.

ಕಣ್ಣಿನ ವಿಚಾರ ಇನ್ನೂ ಸೂಕ್ಷ್ಮ. ‘ಕಣ್ಣು ಹೊಡೆದ’ ಎಂದರೆ ಜಗಳಕ್ಕೆ ಕಾರಣವಾಗಬಹುದು. ‘ಕಣ್ಣು ಹೊಡೆದುಕೊಂಡಿತು’ ಎಂದರೆ ಬಲಗಣ್ಣೋ ಎಡಗಣ್ಣೋ, ಹೆಣ್ಣಿಗೋ ಗಂಡಿಗೋ ಎಂದು ಶಕುನ ಕೇಳುತ್ತಾರೆ. ರೆಪ್ಪೆಯ ಚಲನೆ ನೋಡುವವರಿಗೆ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವೊಂದು ಸೇರಿ, ಹೊಡೆದವನು ಹೋಗಿ ಕಣ್ಣೇ ಕರ್ತೃವಾಗಿ, ಒಂದು ಅಪರಾಧ ಒಂದು ನಂಬಿಕೆಯಾಗಿ ಬದಲಾಯಿತು.

ಈ ಸಹಾಯಕ ಪದಗಳ ಬಗ್ಗೆ ನಮ್ಮ ಪಠ್ಯಗಳು ಹೇಳುವುದು ತೀರ ಕಡಿಮೆ. ಬಸ್ಸಿನಲ್ಲಿ ಕೊಡೆಯನ್ನು ಬಿಟ್ಟು ಇಳಿದವನು ಮನೆಯಲ್ಲಿ ಏನು ಹೇಳಬಹುದು? ‘ಕೊಡೆ ಕಳೆದುಹೋಯಿತು’ ಎಂದರೆ ಅದು ತಾನಾಗಿ ಹೋಯಿತು, ಅವನು ಚಿತ್ರದಲ್ಲಿಯೇ ಇಲ್ಲ. ‘ಕೊಡೆ ಕಳೆದುಕೊಂಡೆ’ ಎಂದರೆ ನಷ್ಟ ಅವನದು, ಹೊಣೆಯ ಒಂದು ಪಾಲೂ ಅವನದು. ‘ಕೊಡೆ ಕಳೆದುಬಿಟ್ಟೆ’ ಎಂದರೆ ಹೊಣೆಯನ್ನು ಪೂರ್ತಿ ಹೊತ್ತು, ಮೇಲೆ ಪಶ್ಚಾತ್ತಾಪವನ್ನೂ ಸೇರಿಸಿ, ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದಾನೆ. ಮೂರರಲ್ಲಿಯೂ ಇಚ್ಛೆ ಇಲ್ಲ; ಬೇಕೆಂದೇ ಕೊಡೆ ಕಳೆಯುವವರು ಯಾರೂ ಇಲ್ಲ. ಆದರೆ ಇಚ್ಛೆಯಿಲ್ಲದ ಕ್ರಿಯೆಗೂ ಹೊಣೆಯ ಮೆಟ್ಟಿಲುಗಳಿವೆ, ಯಾವ ಮೆಟ್ಟಿಲ ಮೇಲೆ ನಿಲ್ಲಬೇಕೆಂದು ಹೇಳುವವನೇ ಆರಿಸಿಕೊಳ್ಳುತ್ತಾನೆ. ‘ಕಾಲು ಮುರಿದುಕೊಂಡ’, ‘ಕೈ ಸುಟ್ಟುಕೊಂಡಳು’ ಎನ್ನುವಾಗಲೂ ಹೀಗೆಯೇ. ಕಾಲು ಮುರಿಯುವ ಉದ್ದೇಶ ಯಾರಿಗೂ ಇರಲಿಲ್ಲ. ಆದರೆ ಇನ್ನಷ್ಟು ಎಚ್ಚರವಿರಬಹುದಿತ್ತು ಎಂಬ ಸಣ್ಣ ನೋವು ಆ ‘ಕೊಳ್ಳು’ವಿನಲ್ಲಿ ಉಳಿದುಬಿಡುತ್ತದೆ.

ಕರ್ತೃ ಯಾರು ಎಂಬ ಪ್ರಶ್ನೆ ನಮ್ಮ ನೆಲದಲ್ಲಿ ಬಹು ಹಳೆಯದು. ಪಾಣಿನಿಯ ಸೂತ್ರ ‘ಸ್ವತಂತ್ರಃ ಕರ್ತಾ’ ಎನ್ನುತ್ತದೆ. ಕ್ರಿಯೆಯಲ್ಲಿ ಯಾರು ಅಥವಾ ಯಾವುದು ಸ್ವತಂತ್ರವೋ ಅದೇ ಕರ್ತೃ. ಅದೇ ಪರಂಪರೆಯ ವೈಯಾಕರಣರು ಇನ್ನೊಂದು ಉದಾಹರಣೆಯನ್ನು ಮತ್ತೆ ಮತ್ತೆ ಕೊಡುತ್ತಾರೆ: ‘ಪಚ್ಯತೇ ಓದನಃ ಸ್ವಯಮೇವ’, ಅನ್ನ ತಾನೇ ಬೇಯುತ್ತದೆ. ಬೇಯಿಸುವವರನ್ನು ಮರೆಗೆ ಸರಿಸಿ ಅನ್ನಕ್ಕೇ ಸ್ವಾತಂತ್ರ್ಯ ಕೊಡುವ ಮಾತು ಇದು. ಸ್ವಾತಂತ್ರ್ಯವೆಂಬುದು ಹೇಳುವವರ ಇಂಗಿತವನ್ನು ಅವಲಂಬಿಸಿದೆ ಎಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅನ್ನ ಬೆಂದಿತು ಎನ್ನುವಾಗ ಒಲೆಯ ಮುಂದೆ ಕುಳಿತವಳು ವಾಕ್ಯದಿಂದ ಹೊರಗಿದ್ದಾಳೆ ಎಂಬುದನ್ನು ಮಾತ್ರ ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ನಿದ್ದೆ ಬಂತು, ಸಿಟ್ಟು ಬಂತು, ನಗು ಬಂತು. ಇದೇ ‘ಬಂತು’ ದೇವರಿಗೂ ಸಲ್ಲುತ್ತದೆ. ಮಾರಮ್ಮನ ಜಾತ್ರೆಯಲ್ಲಿ ಹೆಂಗಸೊಬ್ಬಳ ಮೈಮೇಲೆ ದೇವರು ಬಂತು ಎನ್ನುತ್ತೇವೆ. ತುಳುನಾಡಿನಲ್ಲಿ ದರ್ಶನ, ಆವೇಶ ಎನ್ನುತ್ತಾರೆ. ಇದರ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಮನೆಯಲ್ಲಿ ಬಾಯಿ ತೆರೆಯಲು ಆಗದ ಸೊಸೆ, ಮೈಮೇಲೆ ಬಂದಾಗ ಅತ್ತೆಮಾವಂದಿರನ್ನು ಹೆಸರು ಹಿಡಿದು ಕರೆದು ಕೇಳಬಲ್ಲಳು. ಭೂತಕೋಲದಲ್ಲಿ ನಲಿಕೆ, ಪಂಬದ, ಪರವ ಸಮುದಾಯಗಳ ಕಲಾವಿದರು ದೈವವಾಗಿ ನಿಂತಾಗ ಗುತ್ತಿನ, ಅಂದರೆ ಊರಿನ ಹಳೆಯ ಭೂಮಾಲೀಕ ಮನೆತನದ, ಯಜಮಾನ ಎದುರಿಗೆ ಕೈಮುಗಿದು ನಿಲ್ಲುತ್ತಾನೆ. ಜಮೀನಿನ ತಕರಾರು, ಅಣ್ಣತಮ್ಮಂದಿರ ಮುನಿಸು ಆ ನುಡಿಯ ಮುಂದೆ ಬರುತ್ತವೆ. ಆಡಿದ ಮಾತಿಗೆ ಆ ಮನುಷ್ಯ ಹೊಣೆಯಲ್ಲ, ನುಡಿದದ್ದು ದೈವ. ಬೆಳಗಾದ ಮೇಲೆ ಅದೇ ಯಜಮಾನನ ಅಂಗಳದಲ್ಲಿ ಆ ಕಲಾವಿದನಿಗೆ ಎಷ್ಟು ಜಾಗ ಸಿಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ನೋವಿನ ಪ್ರಶ್ನೆ. ನಿಜವಾಗಿಯೂ ದೈವ ಬಂತೇ ಎಂದು ಪರೀಕ್ಷಿಸಲು ಹೊರಡುವವರ ಬಗ್ಗೆ ನನಗೆ ಆಸಕ್ತಿ ಕಡಿಮೆ. ಕರ್ತೃತ್ವವನ್ನು ಕೆಳಗಿಟ್ಟಾಗ ಮಾತ್ರ ಸತ್ಯ ಹೇಳಲು ಸಾಧ್ಯವಾಗುವಂತಹ ಸಮಾಜವನ್ನು ನಾವು ಕಟ್ಟಿದ್ದೇವೆ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ‘ನಾನು ಹೇಳುತ್ತಿದ್ದೇನೆ’ ಎಂದು ಆ ಸೊಸೆ ಹೇಳಲು ಆಗುವಂತಿದ್ದರೆ ಅವಳು ದೇವರ ದಾರಿ ಕಾಯಬೇಕಿರಲಿಲ್ಲ.

ಇನ್ನು ಇಚ್ಛೆಯಿಲ್ಲದ ಕ್ರಿಯೆಯ ಭಾರವನ್ನು ಎಳವೆಯಿಂದ ಹೊತ್ತವರ ಮಾತು. 1885ರಲ್ಲಿ ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಒಂಬತ್ತು ಮಂದಿಯ ಬಗ್ಗೆ ಬರೆದ. ಅವರ ಮುಖ, ಹೆಗಲು ಇದ್ದಕ್ಕಿದ್ದಂತೆ ಸೆಳೆಯುತ್ತಿದ್ದವು, ಗಂಟಲಿನಿಂದ ಸದ್ದುಗಳು ಹೊರಡುತ್ತಿದ್ದವು, ಕೆಲವರ ಬಾಯಿಂದ ಅವರಿಗೇ ಬೇಡವಾದ ಮಾತುಗಳು ಬರುತ್ತಿದ್ದವು. ಇಂದು ಆ ಸ್ಥಿತಿಗೆ ಆತನ ಹೆಸರೇ ಇದೆ. ಅದು ಇರುವವರು ವಿವರಿಸುವಂತೆ, ಮೊದಲು ಒಳಗೊಂದು ಒತ್ತಡ ಏಳುತ್ತದೆ, ಸ್ವಲ್ಪ ಹೊತ್ತು ಅದುಮಿಡಬಹುದು, ಆಮೇಲೆ ಬಿಟ್ಟೇ ತೀರಬೇಕು. ಬೇಕೆಂದು ಮಾಡಿದ್ದೂ ಅಲ್ಲ, ಸೀನಿನಂತೆ ತಾನಾಗಿ ಬಂದದ್ದೂ ಅಲ್ಲ. ಇಂತಹ ನಡುವಿನ ಜಾಗಕ್ಕೆ ಕನ್ನಡದಲ್ಲಿ ಮಾತಿದೆ: ‘ತಡೆದುಕೊಳ್ಳಲು ಆಗಲಿಲ್ಲ.’ ಅದರಲ್ಲಿ ತಡೆಯಲು ಯತ್ನಿಸಿದ ‘ನಾನು’ ಇದ್ದಾನೆ, ಸೋತ ‘ನನಗೆ’ಯೂ ಇದೆ. ತರಗತಿಯಲ್ಲಿ ಸದ್ದು ಮಾಡುವ ಹುಡುಗನನ್ನು ಎದ್ದು ನಿಲ್ಲಿಸುವ ಮೊದಲು ಅವನು ಸದ್ದು ಮಾಡಿದನೋ, ಸದ್ದು ಬಂತೋ, ತಡೆದುಕೊಳ್ಳಲು ಆಗಲಿಲ್ಲವೋ ಎಂದು ಕೇಳಲು ನಮಗೆ ಬೇಕಾದ ಪದಗಳೆಲ್ಲ ಮನೆಯಲ್ಲಿಯೇ ಇವೆ.

ಐದು ವರ್ಷದ ಮಕ್ಕಳಲ್ಲಿ ಸುಮಾರು ಶೇ. 15ರಷ್ಟು ಮಂದಿ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುವ ತೊಂದರೆ ಅನುಭವಿಸುತ್ತಾರೆ. ‘ಹಾಸಿಗೆ ಒದ್ದೆ ಮಾಡಿದೆಯಾ’ ಎಂದು ಕೇಳುವ ತಾಯಿಗೂ ‘ಹಾಸಿಗೆ ಒದ್ದೆಯಾಯಿತಾ ಮಗನೇ’ ಎಂದು ಕೇಳುವ ತಾಯಿಗೂ ಇರುವ ಅಂತರ ಆ ಮಗುವಿನ ಬೆಳಗನ್ನೇ ಬದಲಾಯಿಸುತ್ತದೆ. ಉಗ್ಗು ಇರುವವರ ವಿಚಾರದಲ್ಲಿ ನಾವು ಇನ್ನೂ ಕಠಿಣವಾಗಿದ್ದೇವೆ. ಮಾತು ಉಗ್ಗುತ್ತದೆ ಎಂದಿದ್ದದ್ದು ಉಗ್ಗುತ್ತಾನೆ ಎಂದಾಯಿತು, ಉಗ್ಗುತ್ತಾನೆ ಎಂಬುದು ‘ಉಗ್ಗ’ ಎಂಬ ಅಡ್ಡಹೆಸರಾಯಿತು. ಅವನಿಗೆ ಆಗುತ್ತಿದ್ದುದನ್ನು ಅವನು ಮಾಡುವುದಾಗಿ ಹೇಳಿ, ಕೊನೆಗೆ ಅವನೇ ಅದು ಎಂದುಬಿಟ್ಟೆವು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂತಹ ಕಡೆ ಚಿಕಿತ್ಸೆ ದೊರೆಯುತ್ತದೆ. ಆದರೆ ಈ ಅಡ್ಡಹೆಸರನ್ನು ಬಿಡುವ ಕೆಲಸ ನಮ್ಮದು, ಅದಕ್ಕೆ ವೈದ್ಯರು ಬೇಕಿಲ್ಲ.

ಇಲ್ಲಿಯವರೆಗೆ ‘ಆಯಿತು’ ಎಂಬ ಮಾತಿನ ಕರುಣೆಯ ಮುಖವನ್ನು ನೋಡಿದೆವು. ಅದಕ್ಕೆ ಇನ್ನೊಂದು ಮುಖವಿದೆ, ಅದರ ಬಗ್ಗೆ ನನಗೆ ಸಿಟ್ಟಿದೆ.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ಸಾಗರ ಸೀಮೆಯ ಊರುಗಳು ಮುಳುಗಿದವು. ಈಗಲೂ ನಾವು ಹಾಗೆಯೇ ಹೇಳುತ್ತೇವೆ: ಮುಳುಗಿದವು, ಮುಳುಗಡೆಯಾದವು, ಮುಳುಗಡೆ ಪ್ರದೇಶ. ‘ಮುಳುಗಿಸಿದರು’ ಎಂಬ ಮಾತು ಕಡತದಲ್ಲಿಯೂ ಇಲ್ಲ, ಪತ್ರಿಕೆಯಲ್ಲಿಯೂ ಅಪರೂಪ. ಮಳೆಗಾಲದಲ್ಲಿ ತಗ್ಗಿನ ಗದ್ದೆ ಮುಳುಗುವುದಕ್ಕೂ, ನಕ್ಷೆ ಬರೆದು ದಿನ ಗೊತ್ತುಮಾಡಿ ನೀರು ನಿಲ್ಲಿಸುವುದಕ್ಕೂ ಒಂದೇ ಕ್ರಿಯಾಪದ. ಉರುಳಿತು, ಉರುಳಿಸಿದ, ಕೆಟ್ಟಿತು, ಕೆಡಿಸಿದ, ಮುಳುಗಿತು, ಮುಳುಗಿಸಿದ. ‘ಇಸು’ ಎಂಬ ಎರಡಕ್ಷರ ಸೇರಿದರೆ ಒಬ್ಬ ಕರ್ತೃ ಬೆಳಕಿಗೆ ಬರುತ್ತಾನೆ, ತೆಗೆದರೆ ಕತ್ತಲಿಗೆ ಸರಿಯುತ್ತಾನೆ. ಮುಳುಗಡೆಯ ಜನರ ಬಾಯಲ್ಲಿ ಆ ಕರ್ತೃ ಕಾಣೆಯಾಗಿಲ್ಲ. ಅವರು ‘ಎಬ್ಬಿಸಿದರು’ ಎನ್ನುತ್ತಾರೆ. ಒಕ್ಕಲೆಬ್ಬಿಸು ಎಂಬ ಪದದಲ್ಲಿ ಎಬ್ಬಿಸಿದವರು ಇದ್ದೇ ಇರುತ್ತಾರೆ. ತಮ್ಮ ಬಗ್ಗೆ ಹೇಳುವಾಗ ‘ಊರು ಬಿಡಬೇಕಾಯಿತು’ ಎನ್ನುತ್ತಾರೆ. ಈ ‘ಬೇಕಾಯಿತು’ವಿನ ತೂಕ ನೋಡಿ. ಗಾಡಿಗೆ ಸಾಮಾನು ಹೇರಿದವರು ಅವರೇ, ಬಾಗಿಲು ಎಳೆದುಕೊಂಡವರು ಅವರೇ, ತಿಳಿದೇ ಮಾಡಿದರು. ಎಡವಿದಂತೆಯೋ ಸೀನಿದಂತೆಯೋ ಅಲ್ಲ. ಉದ್ದೇಶವಿತ್ತು, ಆಯ್ಕೆ ಮಾತ್ರ ಇರಲಿಲ್ಲ. ವಿಧಿಯಿಲ್ಲದೆ, ಗತ್ಯಂತರವಿಲ್ಲದೆ ಮಾಡಿದ್ದು. ಇಚ್ಛೆಯಿಲ್ಲದ ಕ್ರಿಯೆಗಳಲ್ಲಿ ಅತ್ಯಂತ ಭಾರವಾದದ್ದು ಇದೇ ಎಂದು ನನ್ನ ಭಾವನೆ. ಏಕೆಂದರೆ ಇಲ್ಲಿ ಮನುಷ್ಯ ತನ್ನ ಕೈಯಿಂದಲೇ ತನಗೆ ಬೇಡವಾದುದನ್ನು ಮಾಡಿ, ಆಮೇಲೆ ಜೀವಮಾನವಿಡೀ ‘ನಾವೇ ಬಿಟ್ಟು ಬಂದೆವಲ್ಲ’ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ.

ಪದದ ಆಯ್ಕೆ ತೀರ್ಪನ್ನು ಬದಲಿಸುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ ಎಂಬ ಅಮೆರಿಕದ ಸಂಶೋಧಕಿಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೋಟೆಲೊಂದರ ಬೆಂಕಿ ಅನಾಹುತದ ವರದಿಯನ್ನು ಜನರಿಗೆ ಓದಲು ಕೊಟ್ಟರು. ಅನಾಹುತ ಒಂದೇ, ಉದ್ದೇಶವಿಲ್ಲದ್ದು. ಒಂದು ವರದಿ ಮಹಿಳೆಯನ್ನು ಕರ್ತೃವಾಗಿ ಇಟ್ಟುಕೊಂಡು ಬರೆದದ್ದು, ಇನ್ನೊಂದು ಎಲ್ಲವೂ ತಾನಾಗಿ ಆದಂತೆ ಬರೆದದ್ದು. ಮೊದಲನೆಯದನ್ನು ಓದಿದವರು ಆಕೆಯನ್ನು ಹೆಚ್ಚು ದೂಷಿಸಿದರು, ಆಕೆ ತೆರಬೇಕಾದ ಹಣವನ್ನೂ ಹೆಚ್ಚಾಗಿ ಗೊತ್ತುಪಡಿಸಿದರು.

ಕಾನೂನಿಗೆ ಈ ಕಷ್ಟ ಮೊದಲಿನಿಂದ ಗೊತ್ತು. 1860ರ ಭಾರತೀಯ ದಂಡ ಸಂಹಿತೆಯ 80ನೆಯ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 18ನೆಯ ಕಲಂ ಆಗಿದೆ. ಅದರ ಉದಾಹರಣೆ ಹೀಗಿದೆ: ಒಬ್ಬ ಕೊಡಲಿಯಿಂದ ಕೆಲಸ ಮಾಡುತ್ತಿದ್ದಾನೆ, ಹಿಡಿಯಿಂದ ಕೊಡಲಿಯ ತಲೆ ಕಳಚಿ ಹಾರಿ ಪಕ್ಕದಲ್ಲಿ ನಿಂತವನು ಸಾಯುತ್ತಾನೆ. ಕೆಲಸಗಾರನ ಕಡೆಯಿಂದ ತಕ್ಕ ಎಚ್ಚರಿಕೆಯ ಕೊರತೆ ಇರದಿದ್ದರೆ ಅದು ಅಪರಾಧವಲ್ಲ. ಹಿಡಿ ಸಡಿಲವಾಗಿದೆ ಎಂದು ತಿಳಿದೂ ಕೊಡಲಿ ಎತ್ತಿದ್ದರೆ ಮಾತು ಬೇರೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದವರಿಗೆ 106ನೆಯ ಕಲಂ ಇದೆ. ಎಡವಬೇಡ ಎಂಬ ಮಾತಿನಲ್ಲಿ ಅಜ್ಜಿ ಇಟ್ಟಿದ್ದ ಪ್ರಶ್ನೆಯನ್ನೇ ನ್ಯಾಯಾಧೀಶರೂ ಕೇಳುತ್ತಾರೆ: ಅದಕ್ಕೆ ಮುಂಚೆ ಏನಾಯಿತು?

ನಮ್ಮ ಸುದ್ದಿಯ ಭಾಷೆ ಈ ಪ್ರಶ್ನೆಯನ್ನು ಕೇಳುವುದಿಲ್ಲ. ‘ಮ್ಯಾನ್‌ಹೋಲ್‌ನಲ್ಲಿ ಉಸಿರುಗಟ್ಟಿ ಕಾರ್ಮಿಕರ ಸಾವು.’ ಉಸಿರು ತಾನಾಗಿ ಕಟ್ಟಿತು, ಸಾವು ತಾನಾಗಿ ಬಂತು. ಅವರನ್ನು ಇಳಿಸಿದವರು ಯಾರು? ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ರಕ್ಷಣೆಯ ಸಲಕರಣೆಯಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಇಂತಹ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಕಾನೂನಿನ ಕಣ್ಣು ‘ಇಳಿಸಿದ’ ಎಂಬ ಕ್ರಿಯಾಪದದ ಮೇಲಿದೆ, ಶೀರ್ಷಿಕೆಯ ಕಣ್ಣು ‘ಉಸಿರುಗಟ್ಟಿ’ ಎಂಬುದರ ಮೇಲೆ. ಪತ್ರಿಕೆಯಲ್ಲಿ ದುಡಿಯುವ ಗೆಳೆಯರು ಈ ಸಭೆಯಲ್ಲಿದ್ದೀರಿ. ಇಕ್ಕಟ್ಟಿನ ಜಾಗದಲ್ಲಿ ಶೀರ್ಷಿಕೆ ಕೂರಿಸುವ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ‘ಮ್ಯಾನ್‌ಹೋಲ್‌ಗೆ ಇಳಿಸಿದ ಕಾರ್ಮಿಕರ ಸಾವು’ ಎಂದು ಬರೆಯಲು ಹೆಚ್ಚು ಜಾಗ ಬೇಕಾಗುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ಎದ್ದು ಕೇಳಿದರು: ‘ಹಾಗಾದರೆ ನಾವು ಕ್ಷಮೆ ಕೇಳುವಾಗ ತಪ್ಪಾಯಿತು ಎನ್ನುತ್ತೇವಲ್ಲ, ಅದೂ ಹೊಣೆ ತಪ್ಪಿಸಿಕೊಳ್ಳುವ ಮಾತೇ?’ ಅಲ್ಲವೆಂದು ನನ್ನ ಉತ್ತರ. ತಪ್ಪು ಮಾಡಿದೆ ಎಂದರೆ ಬೇಕೆಂದು ಮಾಡಿದಂತೆಯೂ ಕೇಳಿಸಬಹುದು. ಬೇಕೆಂದು ಮಾಡಿರದಿದ್ದರೆ ಅದು ಸುಳ್ಳಾಗುತ್ತದೆ. ನೊಂದವರ ಎದುರು ನಿಂತು, ಕಣ್ಣು ತಗ್ಗಿಸಿ ತಪ್ಪಾಯಿತು ಎನ್ನುವವರ ವಾಕ್ಯದಲ್ಲಿ ಕರ್ತೃ ಇಲ್ಲದಿದ್ದರೂ ಅವರೇ ಅಲ್ಲಿ ನಿಂತಿರುತ್ತಾರೆ. ದೂರದ ಕಚೇರಿಯಿಂದ ‘ಲೋಪವಾಗಿದೆ’ ಎಂದು ಪತ್ರ ಬರುವುದೇ ಬೇರೆ. ಅಲ್ಲಿ ವಾಕ್ಯದಲ್ಲಿಯೂ ಯಾರೂ ಇಲ್ಲ, ಎದುರಿನಲ್ಲಿಯೂ ಯಾರೂ ಇಲ್ಲ. ಅಂತಹ ಪತ್ರಗಳಿಗಾಗಿ ಕನ್ನಡದಲ್ಲಿ ಇನ್ನೊಂದು ರೂಪ ಸಿದ್ಧವಿದೆ: ‘ನನ್ನಿಂದ ತಪ್ಪಾಯಿತು.’ ಈ ‘ಇಂದ’ ಉದ್ದೇಶವನ್ನು ಒಪ್ಪಿಕೊಳ್ಳುವುದಿಲ್ಲ, ಕಾರಣವನ್ನು ಒಪ್ಪಿಕೊಳ್ಳುತ್ತದೆ. ಪ್ರಶ್ನೆ ಕೇಳಿದವರು ಸರ್ಕಾರಿ ನೌಕರಿಯಲ್ಲಿ ಇರುವವರಂತೆ. ‘ನಮ್ಮಿಂದ ಲೋಪವಾಗಿದೆ ಎಂದು ಬರೆದರೆ ಮೇಲಿನವರು ಸಹಿ ಹಾಕುವುದಿಲ್ಲ’ ಎಂದರು. ಕರಡಿನಲ್ಲಿ ನೀವು ಬರೆಯಿರಿ, ಆ ಪದವನ್ನು ಹೊಡೆದುಹಾಕುವ ಗೆರೆ ಅವರ ಕೈಯಿಂದಲೇ ಬೀಳಲಿ, ಕಡತದಲ್ಲಿ ಅದು ಉಳಿಯುತ್ತದೆ ಎಂದು ನಾನು ಹೇಳಿದೆ.